ಹೋಗುವ ಹೊತ್ತು, ಬರುವ ಹೊತ್ತು

ನನ್ನ ಅಳಿಯ ಸುಳ್ಳು ಹೇಳುತ್ತಿದ್ದಾನೆ ಎಂದು ನನಗೆ ಮೊದಲು ಅನುಮಾನ ಬಂದದ್ದು ಒಂದು ಮಂಗಳವಾರ ಬೆಳಿಗ್ಗೆ, ಹತ್ತು ಗಂಟೆ ಎರಡು ನಿಮಿಷಕ್ಕೆ. ಹೊತ್ತು ಇಷ್ಟು ಖಚಿತವಾಗಿ ಹೇಗೆ ನೆನಪಿದೆ ಎಂದು ಕೇಳಬೇಡಿ. ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿದ್ದವಳು ನಾನು. ಗಾಜಿನ ಕಿಟಕಿಯ ಹಿಂದೆ ಕೂತು, ಯಾವ ಬಸ್ಸು ಎಷ್ಟಕ್ಕೆ ಹೊರಟಿತು, ಎಷ್ಟಕ್ಕೆ ಬಂತು ಎಂದು ಬರೆಯುವುದು ನನ್ನ ಕೆಲಸ. ಡ್ರೈವರುಗಳು ನನಗೆ ಮುಳ್ಳಮ್ಮ ಎಂದು ಹೆಸರಿಟ್ಟಿದ್ದರು. ಗಡಿಯಾರದ ಮುಳ್ಳನ್ನು ನೋಡಿ ಇಟ್ಟರೋ, ಕಾಲಿಗೆ ಚುಚ್ಚುವ ಮುಳ್ಳನ್ನು ನೆನೆದು ಇಟ್ಟರೋ, ನಾನು ವಿಚಾರಿಸಲು ಹೋಗಲಿಲ್ಲ. ಎರಡೂ ಒಪ್ಪುತ್ತಿತ್ತು.

ಅಳಿಯ ಪೈಲಟ್. ಜನರನ್ನು ಕೂರಿಸಿಕೊಂಡು ಹೋಗುವ ವಿಮಾನವಲ್ಲ, ಸರಕು ವಿಮಾನ. ಇದು ಮೊದಲಿನಿಂದಲೂ ನನಗೆ ಅಷ್ಟಾಗಿ ಹಿಡಿಸಿರಲಿಲ್ಲ. ಜನರಿದ್ದರೆ ನಾಲ್ಕು ಸಾಕ್ಷಿ ಇರುತ್ತದೆ. ಪೆಟ್ಟಿಗೆಗಳು ಬಾಯಿ ಬಿಡುತ್ತವೆಯೇ? ವಾರಕ್ಕೊಮ್ಮೆ ಅವನು ಇಲ್ಲಿಂದ ಭೂಮಿಯ ಇನ್ನೊಂದು ಮಗ್ಗುಲಿನ ಒಂದು ವಿಮಾನ ನಿಲ್ದಾಣಕ್ಕೆ ಹೋಗುತ್ತಿದ್ದ, ಎರಡು ದಿನ ಅಲ್ಲಿದ್ದು ವಾಪಸ್ಸು ಬರುತ್ತಿದ್ದ. ನನ್ನ ಮಗಳನ್ನು ಮದುವೆಯಾಗಿ ಆಗ ಎರಡು ತಿಂಗಳಾಗಿತ್ತು. ಅವರ ಮನೆ ನಮ್ಮದೇ ಕಟ್ಟಡದಲ್ಲಿ, ನನ್ನ ಮನೆಗಿಂತ ಎರಡು ಮಹಡಿ ಮೇಲೆ. ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿಯಾಗಿರುವ ಮಗಳು ಕೆಲಸಕ್ಕೆ ಹೋಗುವ ಮುಂಚೆ ನನ್ನ ಜೊತೆ ಟೀ ಕುಡಿದು ಹೋಗುತ್ತಿದ್ದಳು. ಕುಡಿಯುತ್ತಾ ಗಂಡನ ಮೆಸೇಜು ಓದಿ ಹೇಳುತ್ತಿದ್ದಳು. 'ಎಂಟಕ್ಕೆ ಹೊರಟೆ.' 'ಒಂದು ಗಂಟೆಗೆ ಇಳಿದೆ, ಬಿಸಿಲಿದೆ.' ಹೊಸ ಹೆಂಡತಿಗೆ ಬರೆಯುವ ಮಾತೇ ಇದು? ನಮ್ಮ ಡಿಪೋದ ಲಾಗ್‌ಶೀಟಿನಲ್ಲೂ ಇದಕ್ಕಿಂತ ಹೆಚ್ಚು ರಸವಿರುತ್ತಿತ್ತು.

ನಾನು ಅದನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಡುತ್ತಿದ್ದೆ. ಅನುಮಾನಕ್ಕಲ್ಲ, ಕೈ ಸುಮ್ಮನಿರದೆ. ಆ ಮಂಗಳವಾರ ಹತ್ತು ಗಂಟೆ ಎರಡು ನಿಮಿಷಕ್ಕೆ 'ಹತ್ತಕ್ಕೆ ಇಳಿದೆ, ಮನೆಗೆ ಬರ್ತಿದೀನಿ' ಎಂದು ಮೆಸೇಜು ಬಂತು. ಅಲ್ಲಿಂದ ಹೊರಟದ್ದು ಹಿಂದಿನ ದಿನ ಸಂಜೆ ಆರಕ್ಕೆ. ಕಳೆದು ನೋಡಿದೆ. ಹೋಗುವಾಗ ಐದು ಗಂಟೆ. ಬರುವಾಗ ಹದಿನಾರು.

"ಹನ್ನೊಂದು ಗಂಟೆ ಎಲ್ಲಿ ಹೋಯ್ತೇ?" ಅಂದೆ.

ಮಗಳು ಟೀ ನೆತ್ತಿಗೇರುವ ಹಾಗೆ ನಕ್ಕಳು. "ಅಮ್ಮಾ, ಅಲ್ಲಿ ಗಡಿಯಾರ ನಮಗಿಂತ ಆರು ಗಂಟೆ ಹಿಂದೆ. ಹೋಗೋದಕ್ಕೆ ಆರು ಸೇರಿಸು, ಬರೋದ್ರಲ್ಲಿ ಆರು ಕಳಿ. ಇಷ್ಟೂ ಗೊತ್ತಿಲ್ವಾ ನಿಂಗೆ?"

ನನ್ನ ಬಸ್ಸುಗಳು ಗಡಿಯಾರ ಬದಲಾಗುವಷ್ಟು ದೂರ ಹೋಗುತ್ತಿರಲಿಲ್ಲ, ಹಾಗಾಗಿ ಗೊತ್ತಿರಲಿಲ್ಲ. ಸೇರಿಸಿದೆ, ಕಳೆದೆ. ಹೋಗುವಾಗ ಹನ್ನೊಂದು ಗಂಟೆ. ಬರುವಾಗ ಹತ್ತು.

"ಸರಿ. ಈಗ ಒಂದು ಗಂಟೆ ಎಲ್ಲಿ ಹೋಯ್ತು ಹೇಳು," ಅಂದೆ.

ಮಗಳು ಕ್ಯಾಲೆಂಡರನ್ನು ತನ್ನ ಕಡೆಗೆ ತಿರುಗಿಸಿಕೊಂಡು ತಾನೂ ಒಮ್ಮೆ ಕಳೆದಳು. ಆಮೇಲೆ ನಗಲಿಲ್ಲ. ಮೊಬೈಲ್ ತೆಗೆದು, ಎರಡು ವಿಮಾನ ನಿಲ್ದಾಣಗಳ ಹೆಸರು ಹಾಕಿದರೆ ದೂರ ಹೇಳುವ ಒಂದು ಪುಟ ಹುಡುಕಿದಳು. ದೂರ ಎಂಟು ಸಾವಿರದ ಒಂಬೈನೂರು ಕಿಲೋಮೀಟರ್, ಹಾರಾಟದ ಹೊತ್ತು ಹತ್ತೂವರೆ ಗಂಟೆ ಎಂದು ಬಂತು. ಅಲ್ಲಿಂದ ಇಲ್ಲಿಗೆ ಹಾಕು ಅಂದೆ. ಹಾಕಿದಳು. ಅದೇ ದೂರ, ಅದೇ ಹತ್ತೂವರೆ. ಯಂತ್ರಕ್ಕೆ ಅಳಿಯನ ಮೇಲೆ ಮಮತೆಯಿಲ್ಲ, ನನ್ನ ಮೇಲೆ ದ್ವೇಷವಿಲ್ಲ. ಹೋದರೂ ಹತ್ತೂವರೆ, ಬಂದರೂ ಹತ್ತೂವರೆ ಅಂದಿತು.

ವಿಮಾನ ಆಕಾಶದಲ್ಲಿ ನಿಲ್ಲುವುದಿಲ್ಲ, ನಿಂತರೆ ಬೀಳುತ್ತದೆ. ಅಂದಮೇಲೆ 'ಇಳಿದೆ', 'ಹೊರಟೆ' ಎಂದು ಅವನು ಬರೆಯುವ ಹೊತ್ತಿನಲ್ಲೇ ಸುಳ್ಳಿದೆ. ಆ ಊರಿನಲ್ಲಿ ಲೆಕ್ಕಕ್ಕೆ ಸಿಗದ ಒಂದು ಗಂಟೆ ಅವನಿಗಿದೆ. ದಾರಿ ಒಂದೇ, ಗಾಡಿ ಒಂದೇ, ಹೊತ್ತು ಮಾತ್ರ ಬೇರೆ ಎಂದರೆ ನಡುವೆ ಯಾವುದೋ ಮನೆಯ ಬಾಗಿಲು ಇದ್ದೇ ಇದೆ. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನನ್ನ ಸಂಸಾರವನ್ನೇ ಕೊಟ್ಟು ಕಲಿತ ಪಾಠ ಅದು.

ನನ್ನ ಯಜಮಾನರು ನಮ್ಮ ಡಿಪೋದಲ್ಲೇ ಡ್ರೈವರ್. ಬೆಟ್ಟ ಇಳಿದು ಕೆಳಗಿನ ಊರಿಗೆ ಹೋಗಿ ಬರುವ ಬಸ್ಸು. ನೂರ ಅರವತ್ತು ಕಿಲೋಮೀಟರ್, ವೇಳಾಪಟ್ಟಿಯಲ್ಲಿ ಹೋಗಲು ಐದು ಗಂಟೆ, ಬರಲು ಐದು ಗಂಟೆ. ಬೆಳಿಗ್ಗೆ ಆರಕ್ಕೆ ಬಿಟ್ಟರೆ ಹನ್ನೊಂದಕ್ಕೆ ಅಲ್ಲಿ, ಹನ್ನೆರಡಕ್ಕೆ ಅಲ್ಲಿಂದ ಬಿಟ್ಟರೆ ಐದಕ್ಕೆ ಇಲ್ಲಿ. ಆ ದಾರಿಯಲ್ಲಿ ಬೇರೆ ಬೇರೆ ಹೊತ್ತಿನ ಬಸ್ಸು ಓಡಿಸುತ್ತಿದ್ದ ಡ್ರೈವರುಗಳು ಹನ್ನೆರಡು ಜನ. ಹನ್ನೊಂದು ಜನ ತಮ್ಮ ತಮ್ಮ ಹೊತ್ತಿಗೆ ಸರಿಯಾಗಿ ಬರುತ್ತಿದ್ದರು. ಇವರು ಮಾತ್ರ ಐದು ನಲವತ್ತಕ್ಕೆ. ಒಂದು ದಿನವಲ್ಲ, ಎರಡು ದಿನವಲ್ಲ, ಪ್ರತಿ ದಿನ. ಲಾಗ್‌ಶೀಟಿನಲ್ಲಿ 'ತಡಕ್ಕೆ ಕಾರಣ' ಎಂಬ ಜಾಗದಲ್ಲಿ 'ಏರು' ಎಂದು ಬರೆದುಕೊಡುತ್ತಿದ್ದರು. ಏರು ಉಳಿದ ಹನ್ನೊಂದು ಜನರಿಗೆ ಇಲ್ಲವೇ? ಅವರಿಗೇನು ಬೆಟ್ಟ ಬಗ್ಗಿ ದಾರಿ ಕೊಡುತ್ತದೆಯೇ? ಡ್ರೈವರುಗಳು ಕಿಟಕಿಯ ಹತ್ತಿರ ನಿಂತು, "ಯಜಮಾನ್ರಿಗೆ ಕೆಳಗಿನ ಊರಿನ ನೀರು ಹಿಡಿಸಿದೆ ಮೇಡಂ" ಎಂದು ಮುಸಿಮುಸಿ ನಗುತ್ತಿದ್ದರು. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ. ಕೆಳಗೆ ಒಂದು ಚಿಕ್ಕ ಮನೆ ಮಾಡಿದ್ದಾರೆ ಎಂದು ನಾನು ತೀರ್ಮಾನಿಸಿದೆ.

ಅವಳು ಯಾರು ಎಂದು ಪತ್ತೆ ಮಾಡಲು ಒಂದು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಒಂದು ಚೀಟಿ ಇಲ್ಲ, ಒಂದು ಕೂದಲಿಲ್ಲ. ಏನೂ ಸಿಗದೇ ಇದ್ದದ್ದೇ ನನ್ನ ಸಂಶಯವನ್ನು ಗಟ್ಟಿ ಮಾಡಿತು. ಎಂಥ ಚಾಲಾಕಿ ಹೆಂಗಸಿರಬೇಕು. ಕೊನೆಗೆ ಒಂದು ಸಂಜೆ ಅವರ ಬಟ್ಟೆಬರೆಯನ್ನೆಲ್ಲ ಟ್ರಂಕಿಗೆ ತುಂಬಿ ಬಾಗಿಲ ಹೊರಗಿಟ್ಟೆ. ಬಂದವರು ನೋಡಿ, "ಯಾಕೆ?" ಅಂದರು. "ಮುನ್ನೂರ ಹನ್ನೆರಡು ದಿನ, ದಿನಕ್ಕೆ ನಲವತ್ತು ನಿಮಿಷ. ಲೆಕ್ಕ ನೀವೇ ಹಾಕ್ಕೊಳ್ಳಿ," ಅಂದೆ. ಏನೋ ಹೇಳಲು ಬಾಯಿ ತೆರೆದು ಮುಚ್ಚಿದರು. ಆಮೇಲೆ ಟ್ರಂಕು ಎತ್ತಿಕೊಂಡು ಮೆಟ್ಟಿಲಿಳಿದರು. ಮಗಳಿಗೆ ಆಗ ಆರು ವರ್ಷ. ತಪ್ಪು ಮಾಡದವನಾಗಿದ್ದರೆ ಕೂಗಾಡುತ್ತಿದ್ದ, ಸುಮ್ಮನೆ ಹೋದನೆಂದರೆ ಒಪ್ಪಿಕೊಂಡ ಹಾಗೆ ಎಂದು ಇಪ್ಪತ್ತೊಂದು ವರ್ಷ ಹೇಳಿಕೊಂಡು ಬಂದೆ. ಅವರು ಕೆಳಗಿನ ಊರಿಗೇ ವರ್ಗ ಮಾಡಿಸಿಕೊಂಡರು. ನೋಡಿದಿರಾ, ಅಲ್ಲಿಗೇ. ಮಗಳ ಮದುವೆಗೆ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದು, ಊಟಕ್ಕೂ ನಿಲ್ಲದೆ ಹೋದರು.

ನನ್ನ ಬಾಳು ಹೇಗೋ ಹೋಯಿತು. ಮಗಳ ಬಾಳೂ ಹಾಗೆ ಆಗಬಾರದು, ಅವಳು ಮೋಸ ಹೋಗಬಾರದು, ಹೋಗುವುದಾದರೆ ಬೇಗ ಗೊತ್ತಾಗಲಿ, ಮಡಿಲಿಗೆ ಕೂಸು ಬರುವ ಮುಂಚೆ ಗೊತ್ತಾಗಲಿ. ಇದೇ ನನ್ನ ಹಟ. ಇದರಲ್ಲಿ ತಪ್ಪೇನಿದೆ ಎಂದು ಆಗ ಯಾರಾದರೂ ಕೇಳಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದೆ.

ಕ್ಯಾಲೆಂಡರು ಸಾಲದೆಂದು ಹೊಸ ರಿಜಿಸ್ಟರು ತಂದು ಗೆರೆ ಹಾಕಿದೆ. ವಾರ ವಾರ ಬರೆದೆ. ಮಳೆಗಾಲ ಮುಗಿಯುವ ಹೊತ್ತಿಗೆ ಹೋಗುವುದು ಹನ್ನೊಂದು ಕಾಲು, ಬರುವುದು ಒಂಬತ್ತು ಮುಕ್ಕಾಲು. ಒಂದು ಗಂಟೆ ಇದ್ದದ್ದು ಒಂದೂವರೆಯಾಯಿತು. ಚಳಿ ಹತ್ತಿತು. ಹೋಗುವುದು ಹನ್ನೊಂದು ನಲವತ್ತು, ಬರುವುದು ಒಂಬತ್ತೂವರೆ. ಎರಡು ಗಂಟೆ ಹತ್ತು ನಿಮಿಷ.

"ಚಟ ಬೆಳೀತಾ ಇದೆ," ಅಂದೆ ಮಗಳಿಗೆ.

"ಅಮ್ಮ, ಹಾಗೆಲ್ಲ ಹೇಳಬೇಡ."

"ನಾನೆಲ್ಲಿ ಹೇಳಿದೆ? ಅಂಕಿ ಹೇಳ್ತಿದೆ. ಚಳಿಗಾಲ ನೋಡು, ಬೆಚ್ಚಗಿರೋಕೆ ಜಾಗ ಬೇಕಲ್ಲ."

ಮಗಳು ಟೀ ಅರ್ಧಕ್ಕೆ ಬಿಟ್ಟು ಎದ್ದು ಹೋದಳು. ಆದರೆ ಮಾರನೆಯ ವಾರ ಅವಳೇ ಮೊಬೈಲ್ ಹಿಡಿದುಕೊಂಡು ಬಂದು ನನ್ನ ಪಕ್ಕದಲ್ಲಿ ಕೂತಳು. ಆ ಪುಟದ ಲೆಕ್ಕದಂತೆ ವಿಮಾನ ಅಲ್ಲಿ ಇಳಿದಿರಬೇಕಾದ ಹೊತ್ತಿಗೆ ಸರಿಯಾಗಿ ಅವನಿಗೆ ಫೋನು ಮಾಡಿದಳು. ಸ್ವಿಚ್ ಆಫ್. ಹತ್ತು ನಿಮಿಷ ಬಿಟ್ಟು ಮಾಡಿದಳು. ಸ್ವಿಚ್ ಆಫ್. ಒಂದು ಗಂಟೆ ಹತ್ತು ನಿಮಿಷವಾದ ಮೇಲೆ 'ಈಗ ಇಳಿದೆ' ಎಂದು ಮೆಸೇಜು ಬಂತು. ಅವಳ ಮುಖ ಬಿಳುಚಿಕೊಂಡಿತು. ನನಗೆ ಸಂಕಟವೂ ಆಯಿತು. ಸುಳ್ಳೇಕೆ ಹೇಳಲಿ, ಒಳಗೊಳಗೇ ನಾನೇ ಸರಿ ಎಂಬ ಒಂದು ಸಣ್ಣ ಗೆಲುವೂ ಇತ್ತು.

ಅಳಿಯನನ್ನು ಒಮ್ಮೆ ಪರೀಕ್ಷೆ ಮಾಡಿಯೂ ನೋಡಿದೆ. ಮೂವರೂ ಊಟಕ್ಕೆ ಕೂತಿದ್ದಾಗ, "ಕೆಲವರು ಇಳಿದ ಮೇಲೂ ಇಳಿದಿಲ್ಲ ಅಂತಾರಂತೆ," ಎಂದು ಗೋಡೆಗೆ ಹೇಳುವ ಹಾಗೆ ಹೇಳಿದೆ. ಅವನು ತನ್ನ ಅಂಗಿಯ ಭುಜದ ಮೇಲಿನ ಪಟ್ಟಿಯನ್ನು ಕೈಯಿಂದ ಒರೆಸಿಕೊಂಡು, "ಯಾರು, ಅತ್ತೆ?" ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಕಣ್ಣೆದುರಿಗೇ ನಡೆಯಿತು. ಅಲ್ಲಿ ಚೂರು ಸುಣ್ಣ ಬಿದ್ದಿತ್ತು ಎಂದು ಮಗಳು ಆಮೇಲೆ ಹೇಳಿದಳು. ನಾನು ನಂಬಲಿಲ್ಲ.

ಮಗಳು ಸೊರಗಿದಳು. ಗಂಡ ಮನೆಯಲ್ಲಿದ್ದಾಗ ಅವನ ಜೇಬು ನೋಡುವುದು, ಬ್ಯಾಗು ಮೂಸುವುದು, ಅವನು ಮಾತಾಡಿದರೆ ಎರಡೇ ಪದದಲ್ಲಿ ಉತ್ತರ. ಅವನು "ಏನಾಯ್ತು?" ಎಂದು ಕೇಳಿದರೆ "ಏನಿಲ್ಲ." ತಲೆಯಲ್ಲಿ ಹುಳ ಬಿಟ್ಟವಳು ನಾನು, ನಿದ್ದೆ ಕೆಟ್ಟಿದ್ದು ಅವಳದ್ದು. ಒಂದು ಶುಕ್ರವಾರ ಬೆಳಿಗ್ಗೆ ನಾನು ಮೇಲೆ ಹೋದಾಗ ಅವನ ಬಟ್ಟೆಗಳನ್ನೆಲ್ಲ ಮಂಚದ ಮೇಲೆ ಹರಡಿಕೊಂಡು ಸೂಟ್‌ಕೇಸಿಗೆ ತುಂಬುತ್ತಿದ್ದಳು. ಅಂಗಿಗಳನ್ನು ನಾನು ಮಡಿಸುವ ಹಾಗೆಯೇ ಮಡಿಸುತ್ತಿದ್ದಳು, ತೋಳು ಒಳಗೆ ಹಾಕಿ.

"ಇವತ್ತು ಬರ್ತಾರೆ. ಬಾಗಿಲ ಹೊರಗೆ ಇಡ್ತೀನಿ. ನೀನು ಅಪ್ಪಂಗೆ ಮಾಡಿದ ಹಾಗೇ," ಅಂದಳು.

ತಡೆಯಬಹುದಿತ್ತು. ತಡೆಯಲಿಲ್ಲ. ಅವನ ಚಪ್ಪಲಿ ಉಳಿದಿತ್ತು, ಅದನ್ನೂ ನಾನೇ ಒಂದು ಚೀಲಕ್ಕೆ ಹಾಕಿಕೊಟ್ಟೆ.

ಅವನು ಹನ್ನೊಂದು ಗಂಟೆಗೆ ಬಂದ. ಬಾಗಿಲಲ್ಲಿ ಸೂಟ್‌ಕೇಸು, ಅದರ ಮೇಲೆ ಚಪ್ಪಲಿಯ ಚೀಲ, ಒಳಗೆ ಹೆಂಡತಿ, ಅವಳ ಹಿಂದೆ ರಿಜಿಸ್ಟರು ಹಿಡಿದ ಅತ್ತೆ. ರಾತ್ರಿಯೆಲ್ಲ ವಿಮಾನ ಓಡಿಸಿದ ಕಣ್ಣು ಕೆಂಪಾಗಿತ್ತು. ಎಲ್ಲವನ್ನೂ ಒಂದು ಸಲ ನೋಡಿದ.

"ಇದೇನಿದು?"

ಮಗಳು ನನ್ನ ಕಡೆ ನೋಡಿದಳು. ನಾನೇ ಹೇಳಿದೆ. "ಎಂಟು ಸಾವಿರದ ಒಂಬೈನೂರು ಕಿಲೋಮೀಟರು. ಹೋಗೋಕೆ ಹನ್ನೊಂದು ನಲವತ್ತು, ಬರೋಕೆ ಒಂಬತ್ತೂವರೆ. ಎರಡು ಗಂಟೆ ಹತ್ತು ನಿಮಿಷ ನೀವು ಯಾರ ಮನೇಲಿರ್ತೀರಿ ಅಂತ ಹೇಳಿಬಿಟ್ರೆ ನಮ್ಮ ಕೆಲಸ ಸುಲಭ ಆಗತ್ತೆ."

ಅವನು ಕೈ ಚಾಚಿದ. ರಿಜಿಸ್ಟರು ಕೊಟ್ಟೆ. ಬಾಗಿಲಲ್ಲೇ ನಿಂತು ಪುಟ ಪುಟ ತಿರುವಿದ. ಕೂಗಾಡಲಿಲ್ಲ. ಆಹಾ, ಇವನೂ ಸುಮ್ಮನಿದ್ದಾನೆ, ಒಪ್ಪಿಕೊಂಡ ಎಂದುಕೊಂಡೆ.

"ಅತ್ತೆ, ಇಷ್ಟು ನೀಟಾಗಿ ನಮ್ಮ ಆಫೀಸಲ್ಲೂ ಬರೆಯಲ್ಲ," ಅಂದ ಕೊನೆಗೆ. "ನೀವು ಯಾವತ್ತಾದ್ರೂ ಎದುರುಗಾಳೀಲಿ ಸೈಕಲ್ ತುಳಿದಿದೀರಾ?"

"ವಿಷಯ ಬದಲಾಯಿಸಬೇಡಿ."

"ಇದೇ ವಿಷಯ. ಮೇಲೆ, ನಾವು ಹಾರೋ ಎತ್ತರದಲ್ಲಿ, ಗಾಳಿ ಹೊಳೆ ಥರ ಹರಿಯತ್ತೆ. ಪಶ್ಚಿಮದಿಂದ ಪೂರ್ವಕ್ಕೆ. ನಾವು ಹೋಗೋದು ಪಶ್ಚಿಮಕ್ಕೆ, ಅದರ ಎದುರಿಗೆ. ತಳ್ಳಿಕೊಂಡು ಹೋಗಬೇಕು. ಬರುವಾಗ ಅದೇ ನಮ್ಮನ್ನ ತಳ್ಳಿಕೊಂಡು ಬರತ್ತೆ. ಚಳಿಗಾಲದಲ್ಲಿ ಅದರ ಜೋರು ಜಾಸ್ತಿ. ಅದಕ್ಕೇ ನಿಮ್ಮ ಅಂಕಿ ಚಳಿಗಾಲದಲ್ಲಿ ದೊಡ್ಡದಾಗಿರೋದು."

ಕಿವಿಗೆ ಹೂ ಇಡಲು ಬೇರೆ ಯಾರನ್ನಾದರೂ ನೋಡಿಕೋ ಎಂದು ನನ್ನ ಮುಖದಲ್ಲಿ ಬರೆದಿತ್ತೇನೋ. ಗಾಳಿಯಂತೆ, ಹೊಳೆಯಂತೆ. "ಮತ್ತೆ ಮೊಬೈಲಲ್ಲಿ ಎರಡು ಕಡೆಗೂ ಹತ್ತೂವರೆ ಅಂತ ಇದೆಯಲ್ಲ?" ಅಂದೆ.

"ಅದು ದೂರಾನ ವೇಗದಿಂದ ಭಾಗಿಸಿ ಹೇಳತ್ತೆ, ಅಷ್ಟೆ. ಅದಕ್ಕೆ ಗಾಳಿ ಗೊತ್ತಿಲ್ಲ."

ಅವನು ಬ್ಯಾಗಿನಿಂದ ಎರಡು ಕಾಗದ ತೆಗೆದುಕೊಟ್ಟ. ಹೊರಡುವ ಮುಂಚೆಯೇ ಅವರ ಆಫೀಸಿನವರು ಲೆಕ್ಕ ಹಾಕಿ ಕೊಡುವ ಹಾಳೆಗಳಂತೆ. ಹೋಗುವ ಹಾಳೆಯಲ್ಲಿ ಹನ್ನೊಂದು ಗಂಟೆ ನಲವತ್ತೆರಡು ನಿಮಿಷ, ಬರುವ ಹಾಳೆಯಲ್ಲಿ ಒಂಬತ್ತು ಇಪ್ಪತ್ತೆಂಟು ಎಂದು ಮೊದಲೇ ಅಚ್ಚಾಗಿತ್ತು. ಗಾಳಿಗೆಂದೇ ಒಂದು ಕಾಲಂ ಇತ್ತು. ಆಮೇಲೆ ತನ್ನ ದಪ್ಪ ಲಾಗ್ ಪುಸ್ತಕ ತೆಗೆದ. ಮೂರು ವರ್ಷದ್ದು, ಮದುವೆಗೂ ಮುಂಚಿನದು. ಕೂತು ನೋಡಿದೆ. ಬೆರಳಿಟ್ಟು ಸಾಲು ಸಾಲು ನೋಡಿದೆ. ಬೇಸಗೆಯಲ್ಲಿ ಒಂದು ಗಂಟೆ, ಚಳಿಯಲ್ಲಿ ಎರಡು, ಮತ್ತೆ ಬೇಸಗೆಯಲ್ಲಿ ಒಂದು. ಮೂರು ವರ್ಷವೂ ಅದೇ. ಪ್ರತಿ ಸಾಲಿನ ಕೊನೆಗೆ ಜೊತೆಯ ಪೈಲಟ್ ಯಾರೆಂದು ಬರೆದಿತ್ತು, ಪ್ರತಿ ಸಲವೂ ಬೇರೆ ಬೇರೆಯವರು. ಅಷ್ಟೂ ಜನ ಸೇರಿಕೊಂಡು ನನ್ನ ಮಗಳಿಗೆ ಮೋಸ ಮಾಡಲು ಸಾಧ್ಯವಿರಲಿಲ್ಲ. ಅಂಕಿಯನ್ನು ನಂಬಿ ಬದುಕಿದವಳು, ಅಂಕಿ ನನ್ನ ವಿರುದ್ಧ ಎದ್ದರೆ ಏನು ಹೇಳಲಿ?

ಅವನು ಹೆಂಡತಿಯ ಕಡೆ ತಿರುಗಿದ. "ನೀನೂ ನಂಬಿದ್ಯಾ?"

ಅವಳು ಸೂಟ್‌ಕೇಸಿನ ಮೇಲಿದ್ದ ಚಪ್ಪಲಿಯ ಚೀಲವನ್ನು ಎತ್ತಿಕೊಂಡಳು.

"ಒಂದು ಮಾತು ನನ್ನನ್ನ ಕೇಳಿದ್ರೆ ಹೇಳ್ತಿದ್ನಲ್ಲ," ಅಂದ. ಸಿಟ್ಟಿನಿಂದ ಅಂದಿದ್ದರೆ ಚೆನ್ನಾಗಿರುತ್ತಿತ್ತು. ಸುಸ್ತಾದವನ ಹಾಗೆ ಅಂದ. ಸೂಟ್‌ಕೇಸನ್ನು ಮುಟ್ಟದೆ, ಅದನ್ನು ಬಳಸಿಕೊಂಡು ಒಳಗೆ ಹೋಗಿ ಮಲಗಿದ.

ಮಗಳು ಸೂಟ್‌ಕೇಸನ್ನು ಒಳಗೆ ಎಳೆದುಕೊಂಡು ಬಂದಳು. ಒಂದೊಂದೇ ಅಂಗಿ ತೆಗೆದು ಮತ್ತೆ ಕಪಾಟಿಗೆ ಇಟ್ಟಳು. ಅಳುತ್ತಿದ್ದಳು, ಆದರೆ ಸದ್ದಿಲ್ಲದೆ, ಅವನ ನಿದ್ದೆ ಕೆಡಬಾರದೆಂದು. ನಾನು ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತಾ ನಿಂತೆ, ಉಜ್ಜಿದ್ದನ್ನೇ ಉಜ್ಜಿದೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಸ್ವಲ್ಪ ಹೊತ್ತಿಗೆ ಅವಳು ಬಂದು ನನ್ನ ಹಿಂದೆ ನಿಂತಳು.

"ಅಮ್ಮ. ಅಪ್ಪನ ನಲವತ್ತು ನಿಮಿಷ?"

"ಬಸ್ಸಿಗೆ ಗಾಳಿ ಇಲ್ಲ," ಅಂದೆ, ತಿರುಗದೆ.

"ಅಪ್ಪ ಏನು ಕಾರಣ ಹೇಳಿದ್ರು?"

"ಏನೂ ಇಲ್ಲ. ಏರು ಅಂತ."

ಹೇಳಿದ ಮೇಲೆ ನನ್ನ ಕಿವಿಗೇ ಅದು ಕೇಳಿಸಿತು. ಮಗಳು ಇನ್ನೇನೂ ಕೇಳಲಿಲ್ಲ. ಕೇಳಿದ್ದರೆ ಹನ್ನೊಂದು ಜನರ ಮಾತು ಎತ್ತಿ ಬಾಯಿ ಮುಚ್ಚಿಸುತ್ತಿದ್ದೆ. ಅವಳು ಒಂದು ಚೀಟಿಯಲ್ಲಿ ಅಪ್ಪನ ವಿಳಾಸ ಬರೆದು ಟೀ ಡಬ್ಬಿಯ ಕೆಳಗಿಟ್ಟು ಹೋದಳು.

ಭಾನುವಾರ ಬೆಳಿಗ್ಗೆ ಆರರ ಬಸ್ಸು ಹತ್ತಿದೆ. ಮೂವತ್ತೊಂದು ವರ್ಷ ಆ ಬಸ್ಸನ್ನು ಕಳಿಸಿದವಳು ಅದರಲ್ಲಿ ಕೂತದ್ದು ಅದೇ ಮೊದಲು. ನಾನು ಹೋಗುತ್ತಿದ್ದದ್ದು ಅವರನ್ನು ನೋಡಲು ಎಂದು ತಿಳಿಯಬೇಡಿ. ಚೀಟಿ ಪರ್ಸಿನಲ್ಲಿತ್ತು, ನಿಜ. ಆದರೆ ನನ್ನ ಉದ್ದೇಶ ಬೇರೆ. ಕೆಳಗೆ ಇಳಿದು, ಹನ್ನೆರಡರ ಬಸ್ಸಿನಲ್ಲೇ ವಾಪಸ್ಸು ಬಂದು, ಅದು ಐದಕ್ಕೆ ಸರಿಯಾಗಿ ಡಿಪೋ ಸೇರುವುದನ್ನು ನನ್ನ ಕೈಗಡಿಯಾರದಲ್ಲೇ ನೋಡಿ, ಮಗಳ ಮುಂದೆ ಆ ಅಂಕಿ ಇಡಬೇಕು. ಅಳಿಯನ ವಿಷಯದಲ್ಲಿ ಎಡವಿದೆ, ಒಪ್ಪಿದೆ. ಎಲ್ಲದರಲ್ಲೂ ಎಡವಿದವಳಲ್ಲ ಎಂದು ತೋರಿಸಬೇಕಿತ್ತು.

ಇಳಿಜಾರಿನಲ್ಲಿ ಬಸ್ಸು ಸರಾಗವಾಗಿ ಇಳಿಯಿತು. ಹನ್ನೊಂದಕ್ಕೆ ಕೆಳಗಿನ ನಿಲ್ದಾಣ. ಸರಿಯಾಗಿ ಐದು ಗಂಟೆ. ಎದುರಿನ ಅಂಗಡಿಯಲ್ಲಿ ನಿಧಾನವಾಗಿ ಟೀ ಕುಡಿದು, ಕಾಲು ನೀಡಿ ಕೂತು, ಹನ್ನೊಂದು ನಲವತ್ತಕ್ಕೆ ನಿಲ್ದಾಣಕ್ಕೆ ಬಂದೆ. ಬಸ್ಸು ನಿಂತಿದ್ದ ಜಾಗ ಖಾಲಿ. ಇಬ್ಬರು ಹೆಂಗಸರು ಗಂಟುಮೂಟೆ ಇಟ್ಟುಕೊಂಡು ಕೂತಿದ್ದರು, ಅವರಿಗೂ ಬಸ್ಸು ತಪ್ಪಿತ್ತು.

ಟೈಮ್‌ಕೀಪರ್ ಕಿಟಕಿಗೆ ಹೋದೆ. ಸುಮಾರು ನಲವತ್ತರ ಒಬ್ಬ ಮನುಷ್ಯ ಕೂತಿದ್ದ. "ಹನ್ನೆರಡರ ಬಸ್ಸು ಎಲ್ರೀ?"

"ಹೋಯ್ತಮ್ಮ. ಹನ್ನೊಂದು ಇಪ್ಪತ್ತಕ್ಕೇ ಬಿಟ್ರು. ಮುಂದಿನದು ಮೂರಕ್ಕೆ."

"ಬೋರ್ಡಲ್ಲಿ ಹನ್ನೆರಡು ಅಂತಿದೆ."

"ಬೋರ್ಡಲ್ಲಿ ಇರತ್ತೆ. ಶೀಟಲ್ಲೂ ಹನ್ನೆರಡು ಅಂತಾನೇ ಬರೀತೀವಿ." ಅವನು ಹಾಳೆಯನ್ನು ನನ್ನ ಕಡೆಗೆ ತಿರುಗಿಸಿಯೇ ತೋರಿಸಿದ. ಹೊರಟ ಹೊತ್ತು, ಹನ್ನೆರಡು ಸೊನ್ನೆ ಸೊನ್ನೆ. ಹನ್ನೆರಡಾಗಲು ಇನ್ನೂ ಇಪ್ಪತ್ತು ನಿಮಿಷ ಬಾಕಿಯಿತ್ತು, ಶಾಯಿ ಆಗಲೇ ಒಣಗಿತ್ತು. "ವಾಪಸ್ ದಾರಿ ಪೂರ್ತಿ ಏರು ಅಲ್ವಾ, ಐದು ಗಂಟೇಲಿ ಯಾವ ಗಾಡೀನೂ ಹತ್ತಲ್ಲ. ಐದು ನಲವತ್ತು ಬೇಕೇ ಬೇಕು. ಟೈಮ್ ಬದಲಾಯಿಸಿ ಅಂತ ಬರ್ದೂ ಬರ್ದೂ ಸಾಕಾಯ್ತು. ಅದಕ್ಕೆ ಡ್ರೈವರುಗಳು ಊಟದ ಹೊತ್ತು ಬಿಟ್ಟು ಮುಂಚೆ ಹೊರಡ್ತಾರೆ."

"ಯಾವಾಗಿಂದ?"

"ಅಯ್ಯೋ, ನಾನು ಕೆಲಸಕ್ಕೆ ಬರೋಕೆ ಮುಂಚಿಂದ. ಮೇಲಿನ ಡಿಪೋದಲ್ಲಿ ಒಬ್ಬರು ಹೆಂಗಸು ಇದ್ರಂತೆ, ಒಂದು ನಿಮಿಷ ತಡವಾದ್ರೂ ಬರೆದು ಸಾಹೇಬರಿಗೆ ಕಳಿಸೋರಂತೆ. ಅವರ ಕಾಟಕ್ಕೇ ಶುರುವಾಗಿದ್ದು ಇದು." ಅವನು ನಕ್ಕ. "ಒಬ್ಬ ಡ್ರೈವರ್ ಮಾತ್ರ ಹನ್ನೆರಡು ಹೊಡೆಯೋ ತನಕ ಬಿಡ್ತಿರಲಿಲ್ಲ. ಜನ ಹನ್ನೆರಡಕ್ಕೆ ಅಂತ ನಂಬ್ಕೊಂಡು ಬರ್ತಾರೆ, ಬಿಟ್ಟು ಹೋಗೋಕಾಗತ್ತಾ ಅನ್ನೋರು. ದಿನಾ ಬೈಸಿಕೊಳ್ಳೋರು. ಈಗ ರಿಟೈರ್ ಆಗಿ ಹಿಂದಿನ ಬೀದೀಲೇ ಇದಾರೆ."

ನಾನು ಕಿಟಕಿಯ ಕಟ್ಟೆಯನ್ನು ಹಿಡಿದುಕೊಂಡೆ. ಹನ್ನೊಂದು ಜನ ಸುಳ್ಳು ಹೊತ್ತು ಬರೆಸಿದರು, ನಾನು ಸರಿ ಅಂದೆ. ಒಬ್ಬರು ನಿಜವಾದ ಹೊತ್ತು ಬರೆಸಿದರು, ಅವರ ಟ್ರಂಕು ಹೊರಗಿಟ್ಟೆ.

ಹಿಂದಿನ ಬೀದಿ ದೂರವಿರಲಿಲ್ಲ. ಅವರು ಮನೆಯ ಮೆಟ್ಟಿಲ ಮೇಲೆ ಕೂತು, ಒಂದು ಡಬ್ಬಿ ತುಂಬ ನಟ್ಟು ಬೋಲ್ಟು ಇಟ್ಟುಕೊಂಡು, ಯಾರದೋ ಕುರ್ಚಿಯ ಕಾಲು ಬಿಗಿಮಾಡುತ್ತಿದ್ದರು. ಒಂದೇ ಕೋಣೆಯ ಮನೆ. ತೆರೆದ ಬಾಗಿಲಿನಿಂದ ಒಂದು ಮಂಚ, ಒಂದು ತಟ್ಟೆ, ಒಂದು ಲೋಟ ಕಾಣುತ್ತಿತ್ತು. ಗೋಡೆಗೆ ಒತ್ತಿಕೊಂಡು ಆ ಟ್ರಂಕು. ನನ್ನನ್ನು ನೋಡಿ ಮೊದಲು ಕೈಗಡಿಯಾರ ನೋಡಿಕೊಂಡರು.

"ಹನ್ನೆರಡರ ಬಸ್ಸು ತಪ್ಪಿತಾ?"

"ತಪ್ಪಿತು."

ಅವರು ಸ್ಪ್ಯಾನರ್ ಕೆಳಗಿಟ್ಟು, ಮೆಟ್ಟಿಲ ಮೇಲಿದ್ದ ಬೋಲ್ಟುಗಳನ್ನು ಕೈಯಿಂದ ಬಳಿದು ನನಗೆ ಜಾಗ ಮಾಡಿದರು. ನಾನು ಕೂರಲಿಲ್ಲ. "ಉಳಿದವರೆಲ್ಲ ಮುಂಚೆ ಬಿಡ್ತಾರೆ ಅಂತ ನೀವು ಯಾಕೆ ನನಗೆ ಹೇಳಲಿಲ್ಲ?" ಅಂದೆ. ಕೇಳುವಾಗಲೂ ನನ್ನ ದನಿ ಗದರಿಸುವ ಹಾಗೇ ಇತ್ತು. ಅದೇನು ಕೆಟ್ಟ ಜನ್ಮವೋ.

"ಹೇಳಿದ್ರೆ ಹನ್ನೊಂದು ಜನರ ಕೆಲಸ ಹೋಗ್ತಿತ್ತು. ನೀನು ಬಿಡ್ತಿದ್ಯಾ?"

ಬಿಡುತ್ತಿರಲಿಲ್ಲ.

"ಏರು ಅಂತ ದಿನಾ ಬರ್ದಿದ್ನಲ್ಲ," ಅಂದರು. "ಒಂದು ದಿನ ಏನು ಏರು ಅಂತ ಕೇಳ್ತೀಯ ಅನ್ಕೊಂಡಿದ್ದೆ. ಕೇಳಿದ್ರೆ ಮುಂದೆ ಕೂರಿಸ್ಕೊಂಡು ತೋರಿಸ್ತಿದ್ದೆ."

ನನಗೆ ತಡೆಯಲಾಗಲಿಲ್ಲ. ಇಪ್ಪತ್ತೊಂದು ವರ್ಷದ ಅಳು ಬೀದಿಯಲ್ಲೇ ಬಂತು. "ತಪ್ಪಾಯ್ತು," ಅಂದೆ. ಆ ಪದ ನನ್ನ ಬಾಯಿಂದ ಹೊರಟದ್ದನ್ನು ಅವರು ಅಲ್ಲಿಯವರೆಗೆ ಕೇಳಿರಲಿಲ್ಲ. ಒಳಗೆ ಹೋಗಿ ಇದ್ದ ಒಂದೇ ಲೋಟದಲ್ಲಿ ನೀರು ತಂದುಕೊಟ್ಟು, ನಾನು ಕುಡಿಯುವ ತನಕ ಪಕ್ಕದಲ್ಲಿ ನಿಂತರು.

"ಮುಂದಿನ ಬಸ್ಸು ಬೋರ್ಡಲ್ಲಿ ಮೂರಕ್ಕೆ ಅಂತಿದೆ," ಅಂದರು ಲೋಟ ತೆಗೆದುಕೊಳ್ಳುತ್ತಾ. "ನೀನು ಎರಡು ಇಪ್ಪತ್ತಕ್ಕೇ ಹೋಗಿ ನಿಂತ್ಕೊ. ಈಗಿನೋರು ಯಾರಿಗೂ ಕಾಯಲ್ಲ."

ನಾನು ಗಡಿಯಾರ ನೋಡಿಕೊಂಡೆ. ಹನ್ನೆರಡು ಗಂಟೆ ಐದು ನಿಮಿಷ. ನಮ್ಮಿಬ್ಬರಿಗೆ ಎರಡು ಗಂಟೆ ಹದಿನೈದು ನಿಮಿಷವಿತ್ತು. ಅವರು ಮಾಡಿಕೊಟ್ಟ ಜಾಗದಲ್ಲಿ ಕೂತೆ.